ನಮ್ಮ ಸಂಘದ ಕಂಪ್ಯೂಟರಿನ ಕೆಟ್ಟ ಡಿಸ್ಕನ್ನು ಡೇಟಾ ರಿಕವರಿ ಅಂಗಡಿಗೆ ಕೊಟ್ಟಿದ್ದೆ. "ಎಲ್ಲಾ ಬಂದಿದೆ ಸಾರ್" ಅಂದ್ರಲ್ಲ, ಎಲ್ಲಿದೆ ತೋರಿಸಿ!

ಐಬಿಡೇಟಾ1. ನಮ್ಮ ಲೆಕ್ಕವೆಲ್ಲ ಇದ್ದ ಒಂದೇ ಒಂದು ಫೈಲ್. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕಾಪಿ ಮಾಡಿ ಕೊಟ್ಟಿದ್ದಾರೆ ಮಹಾನುಭಾವರು! ಕೇಳಿದರೆ, "ಅದು ಯಾವುದೋ ಸಿಸ್ಟಂ ಫೈಲ್ ಅನ್ಕೊಂಡ್ವಿ ಸಾರ್, ನಿಮ್ಮ ಸಂಘದ ಹೆಸರಿನ ಫೋಲ್ಡರ್ ಪೂರ್ತಿ ಇದೆಯಲ್ಲ" ಅಂತಾರೆ.

ಇದೆ ಸ್ವಾಮಿ, ಫೋಲ್ಡರ್ ಇದೆ. ಒಳಗೆ ಬರೀ ಎಫ್‌ಆರ್‌ಎಂ ಫೈಲುಗಳು. ಅದರಲ್ಲಿರುವುದು ಟೇಬಲ್‌ನ, ಅಂದರೆ ಲೆಕ್ಕದ ಪಟ್ಟಿಯ, ಖಾಲಿ ಚೌಕಟ್ಟು ಅಷ್ಟೇ. ಲೆಕ್ಕ ಇಡುವ ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಹಳೇ ಮೈಎಸ್‌ಕ್ಯೂಎಲ್ 5.5. ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಇನ್ನೋಡಿಬಿ (ಅದು ಮಾಹಿತಿ ಇಡುವ ಮಾಮೂಲಿ ವಿಧಾನ) ಟೇಬಲ್‌ಗಳ ಅಸಲು ಮಾಹಿತಿಯೆಲ್ಲ ಆ ಒಂದೇ ಐಬಿಡೇಟಾ1ರಲ್ಲಿ ಹೋಗಿ ಕೂರುತ್ತದೆ. ಟೇಬಲ್‌ಗೊಂದು ಫೈಲ್ ತಾನಾಗಿ ಆಗುವುದು 5.6ರಿಂದ ಈಚೆಗೆ. ಡೇಟಾ ರಿಕವರಿ ಅಂತ ಬೋರ್ಡ್ ಹಾಕಿಕೊಂಡವರಿಗೆ ಇಷ್ಟೂ ಗೊತ್ತಿರಬೇಡವಾ?

ಇವತ್ತು ಸಂಜೆ ಆಡಳಿತ ಮಂಡಳಿ ಸಭೆ. ಪ್ರೊಜೆಕ್ಟರ್ ಬೇರೆ ಹಾಕಿಸಿದ್ದರು. ಅಧ್ಯಕ್ಷರು "ನಮ್ಮ ಹುಡುಗ ಎಲ್ಲಾ ವಾಪಸ್ ತಂದಿದ್ದಾನೆ, ನೋಡಿ" ಅಂತ ಪೀಠಿಕೆ ಹಾಕಿದರು. ಎಡಗಡೆ ಟೇಬಲ್‌ಗಳ ಹೆಸರು ಸಾಲಾಗಿ ಬಂತು. ಸದಸ್ಯರು, ಸಾಲ, ಠೇವಣಿ, ಪಿಗ್ಮಿ. ಯಾರೋ "ಆಹಾ" ಅಂದರು. 'ಸದಸ್ಯರು' ಮೇಲೆ ಕ್ಲಿಕ್ ಮಾಡಿದೆ. ಕೆಂಪು ಪಟ್ಟಿ. ಎರರ್ ನಂಬರ್ 1146, ಅಂಥ ಟೇಬಲ್ಲೇ ಇಲ್ಲವಂತೆ. ಹೆಸರು ಕಣ್ಣೆದುರಿಗೇ ಇದೆ! ಮತ್ತೆ ಒತ್ತಿದೆ. ಕೆಂಪು. 'ಸಾಲ' ಒತ್ತಿದೆ. ಕೆಂಪು. ಗೋಡೆ ತುಂಬಾ ಅದೇ. ಹಿಂದಿನಿಂದ ಹಿರಿಯ ನಿರ್ದೇಶಕರೊಬ್ಬರು, "ಏನಪ್ಪಾ, ನಾನು ತಗೊಂಡ ಸಾಲನೂ ಇಲ್ವಾ? ಒಳ್ಳೇದೇ ಆಯ್ತು ಬಿಡು" ಅಂದರು. ಎಲ್ಲರೂ ನಕ್ಕರು. ಟೀ ತಂದ ಹುಡುಗನೂ ನಕ್ಕ. ನಾನೂ ನಕ್ಕೆ ಕಣ್ರೀ! ಅದೇ ಈಗ ಹೊಟ್ಟೆ ಉರೀತಿರೋದು. ನಾನ್ಯಾಕೆ ನಕ್ಕೆ?

ಬ್ಯಾಕಪ್ ಇರಲಿಲ್ವಾ ಅಂತ ಮಾತ್ರ ಕೇಳಬೇಡಿ. ಇತ್ತು. ಹಿಂದಿನ ಕಾರ್ಯದರ್ಶಿಗಳು ಪ್ರತಿ ಶನಿವಾರ ಶ್ರದ್ಧೆಯಿಂದ ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಕಾಪಿ ಮಾಡುತ್ತಿದ್ದರು. ಎರಡೂ ಒಂದೇ ಡಿಸ್ಕ್. ಡಿ ಡ್ರೈವ್ ಓದೋಕೇ ಆಗಲಿಲ್ಲವಂತೆ.

ಹೋಗ್ಲಿ ಬಿಡಿ. ಲೆಡ್ಜರ್ ಪುಸ್ತಕಗಳು ಒಂದಿಷ್ಟು ಇವೆ, ಕೂತು ಟೈಪ್ ಮಾಡ್ತೀನಿ. ಇಡೀ ಊರಿಗೆ ಕಂಪ್ಯೂಟರ್ ಬಲ್ಲವನು ನಾನೇ ತಾನೇ? ಪ್ರಿಂಟರ್ ಕೆಟ್ಟರೂ ನಾನೇ, ಯಾರದೋ ರೀಚಾರ್ಜ್ ಆಗದಿದ್ದರೂ ನಾನೇ. ಇನ್ನು ಮೇಲೆ 1146 ಅಂತಲೇ ಕರೀತಾರೆ, ನೋಡ್ತಿರಿ.

ಅಲ್ಲ, ಯಾಕ್ರೀ ಬಿಡಬೇಕು? ಹಳೇ ಡಿಸ್ಕ್ ಇನ್ನೂ ಆ ಅಂಗಡಿಯವರ ಹತ್ತಿರವೇ ಇದೆ. "ಆ ಹುಡುಗ ರಜೆ ಸಾರ್, ಬಂದ ಮೇಲೆ ಹುಡುಕ್ತೀವಿ." ಹುಡುಕ್ತಾರಂತೆ! ಅಷ್ಟರಲ್ಲಿ ಯಾರಾದರೂ ಅದನ್ನು ಫಾರ್ಮ್ಯಾಟ್ ಹೊಡೆದು ಸಿಸಿಟಿವಿ ಡಬ್ಬಕ್ಕೆ ಹಾಕಿದರೆ? ಫಾರ್ಮ್ಯಾಟ್ ಒಂದೇ ಆದರೆ ಏನಾದರೂ ಸಿಕ್ಕೀತು. ಮೇಲೆ ರೆಕಾರ್ಡಿಂಗ್ ಬರೆದುಕೊಂಡು ಹೋದರೆ ಮುಗೀತು, ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ. ಈಗ ಫೋನೂ ಎತ್ತುತ್ತಿಲ್ಲ.

ಆ ಅಂಗಡಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಉತ್ತರ ಕೊಡಿ. ಡಿಸ್ಕ್ ಇದೆಯಾ, ಇಲ್ವಾ? ದುಡ್ಡು ನೀವೇ ಇಟ್ಕೊಳ್ಳಿ, ಡಿಸ್ಕ್ ಕೊಡಿ ಸಾಕು.

ಇಲ್ಲ, ದುಡ್ಡೂ ಕೊಡಿ.