ಮೋರಿ ದಂಡೆ ಮೇಲೊಂದು ಸಿಯೋಲ್

ಅಹಮದಾಬಾದಿಗೆ ಸಾಬರಮತಿ ಇದೆ, ಲಂಡನ್ನಿಗೆ ಥೇಮ್ಸ್ ಇದೆ, ನಮ್ ಬೆಂಗಳೂರಿಗೆ ದಡದ ಮೇಲೆ ಕೂತು ಗಾಳಿ ಕುಡಿಯೋಕೆ ಏನಿದೆ ಅಂತ ಸರ್ಕಾರಕ್ಕೆ ಕೊರಗು ಹತ್ತಿರ್ಬೇಕು. ಹುಡುಕಿದಾಗ ಸಿಕ್ಕಿದ್ದು ಮೆಜೆಸ್ಟಿಕ್, ಮಾರ್ಕೆಟ್ ಕಡೆಯಿಂದ ಹೊರಟು ಶಾಂತಿನಗರ ಬಸ್ ಸ್ಟ್ಯಾಂಡ್ ಹತ್ರ ಹಾದು ಕೋರಮಂಗಲ ದಾಟಿ ಬೆಳ್ಳಂದೂರು ಕೆರೆಗೆ ಬೀಳೋ ರಾಜಕಾಲುವೆ, ಫೈಲಲ್ಲಿ ಕೆ-100. 2021ರಲ್ಲಿ ಕೆಲಸ ಶುರು, ಅಂದಾಜು 175 ಕೋಟಿ, ದಂಡೆ ಉದ್ದಕ್ಕೂ ವಾಕಿಂಗ್ ಪಾತು, ಗಿಡ, ಬೆಂಚು, ಲೈಟು. ಆಮೇಲೆ ಡೆಡ್‌ಲೈನ್ ಮೇಲೆ ಡೆಡ್‌ಲೈನ್ ಹರಿದು ಹೋಯ್ತು, ನೀರಿಗಿಂತ ಜೋರಾಗಿ.

ಮಾಡೆಲ್ಲು ದಕ್ಷಿಣ ಕೊರಿಯಾದ್ದು. ಸಿಯೋಲಲ್ಲಿ ಚಂಗ್ಯೆಚನ್ ಅಂತ ಒಂದು ತೊರೆ, ಅದನ್ನ ಮುಚ್ಚಿ ಮೇಲೆ ಎಲಿವೇಟೆಡ್ ಹೈವೇ ಕಟ್ಟಿದ್ರು, 2003ರಲ್ಲಿ ಆ ಹೈವೇನ ಕೆಡವೋಕೆ ಶುರು ಮಾಡಿ 2005ರ ಅಕ್ಟೋಬರ್ ಹೊತ್ತಿಗೆ ತೊರೆ ಓಪನ್ ಮಾಡೇಬಿಟ್ರು. ನಮ್ಮೋರು ಫೋಟೋ ನೋಡಿದ್ರು, ಬೆಂಚು ನೋಡಿದ್ರು, ಕಾಲು ಇಳಿಬಿಟ್ಟು ಕೂತಿರೋ ಹುಡುಗ ಹುಡುಗೀರ್ನ ನೋಡಿದ್ರು, ಆದ್ರೆ ಕೊಳಚೆ ಪೈಪು ಬೇರೆ ಹಾಕಿ, ಹಾನ್ ನದಿಯಿಂದ ದಿನಾ ಲಕ್ಷಕ್ಕೂ ಹೆಚ್ಚು ಟನ್ ನೀರು ಪಂಪ್ ಮಾಡಿ ಬಿಡ್ತಾರೆ ಅನ್ನೋದು ಫೋಟೋದಲ್ಲಿ ಬರಲ್ವಲ್ಲ. ಆ ಕೆಲ್ಸ ಮಾಡಿಸಿದ ಮೇಯರ್ ಆಮೇಲೆ ದೇಶದ ಪ್ರೆಸಿಡೆಂಟೇ ಆದ (ಅದಾದ್ಮೇಲೆ ಭ್ರಷ್ಟಾಚಾರದ ಕೇಸಲ್ಲಿ ಜೈಲಿಗೂ ಹೋದ, ಆ ಚಾಪ್ಟರ್ ನಮ್ಮೋರು ಓದೋಕೆ ಹೋಗಿಲ್ಲ). ನಮ್ಗೆ ಆ ರಿಸ್ಕೂ ಇಲ್ಲ, 2020ರ ಸೆಪ್ಟೆಂಬರಲ್ಲಿ ಮನೆಗೆ ಹೋದ ಪಾಲಿಕೆ ಕೌನ್ಸಿಲ್ಲು ವರ್ಷಗಟ್ಲೆ ವಾಪಸ್ ಬರ್ಲೇ ಇಲ್ಲ, ಮೇಯರ್ ಇದ್ರೆ ತಾನೆ ಪ್ರೆಸಿಡೆಂಟ್ ಆಗೋದು.

ರಾಜಕಾಲುವೆ ಅಂದ್ರೆ ಮಳೆ ನೀರಿಗೆ ಅಂತ ಇರೋ ದಾರಿ. ಹಾಗಾದ್ರೆ ಸುಡು ಸುಡೋ ಮಾರ್ಚಲ್ಲಿ, ಒಂದು ಹನಿ ಮಳೆ ಇಲ್ದಾಗ ಅದ್ರಲ್ಲಿ ಹರೀತಿರೋದು ಏನು? ನಮ್ದೇ ಸಾರ್, ಮನೆ ಮನೆಯಿಂದ ಬಂದಿದ್ದು. ಮುಖ ಸಿಂಡರಿಸ್ಬೇಡಿ, ಅದ್ರ ಮೂಲ ನೋಡಿ, ನೂರು ಕಿಲೋಮೀಟರ್ ದೂರದಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ಬೆಟ್ಟ ಹತ್ತಿಸಿ ತಂದ ಸಾಕ್ಷಾತ್ ಕಾವೇರಮ್ಮ, ನಾವು ಸ್ನಾನ ಮಾಡಿ, ಪಾತ್ರೆ ತೊಳೆದು, ಫ್ಲಶ್ ಮಾಡಿ ಕಳ್ಸಿರೋದು. ಊರಿಗೆ ನದಿ ಇಲ್ಲ ಅಂದೋರ್ ಯಾರು? ಇದೆ, ಸೆಕೆಂಡ್ ಹ್ಯಾಂಡು ಅಷ್ಟೇ.

ಶಾಂತಿನಗರದ ಕಡೆ ಒಂದ್ಸಲ ಹೋಗಿ ನೋಡಿ. ಮಂಕಿ ಕ್ಯಾಪ್ ಹಾಕ್ಕೊಂಡ ಅಂಕಲ್ ಒಬ್ರು ಬಿರಬಿರನೆ ನಡೀತಿದ್ರು, ಎಡಗೈಯಲ್ಲಿ ಕರ್ಚೀಫು ಮೂಗಿಗೆ ಒತ್ತಿ ಹಿಡಿದು, ಬಲಗೈ ಮಾತ್ರ ಮಿಲಿಟ್ರಿ ಥರ ಬೀಸ್ತಾ. ಡಾಕ್ಟ್ರು ದೀರ್ಘವಾಗಿ ಉಸಿರು ಎಳೀಬೇಕು ಅಂದಿದಾರಂತೆ, ಅದಕ್ಕೆ ಮನೆಗೆ ಹೋಗಿ ಎಳೀತಾರಂತೆ! ಪಕ್ಕದ ಬೆಂಚಲ್ಲಿ ಒಂದು ಜೋಡಿ ರೀಲ್ಸ್ ಮಾಡ್ತಿತ್ತು, ಹಿಂದೆ ಹೂವಿನ ಗಿಡ, ಸೂರ್ಯೋದಯ, ಹುಡುಗಿ ನಗೋವರ್ಗೂ ಉಸಿರು ಬಿಗಿ ಹಿಡಿದು, ಕಟ್ ಅಂದ ತಕ್ಷಣ ಇಬ್ರೂ ಕೆಮ್ಮೋಕೆ ಶುರು. ಮೊಬೈಲಿಗೆ ವಾಸನೆ ಬರಲ್ಲ ನೋಡಿ, ಈ ಪ್ರಾಜೆಕ್ಟ್ ನಡೀತಿರೋದೇ ಆ ಒಂದು ನಂಬಿಕೆ ಮೇಲೆ.

ಯಾರನ್ನ ಕೇಳೋದು? ದಡ ಪಾಲಿಕೇದು, ದಡದ ಮಧ್ಯ ಹರಿಯೋ ಕೊಳಚೆ ಜಲಮಂಡಳೀದು. ಬೆಂಚು ಮುರಿದ್ರೆ ಒಬ್ರಿಗೆ ಅರ್ಜಿ, ನಾತ ಬಂದ್ರೆ ಇನ್ನೊಬ್ರಿಗೆ. 2025ರ ಸೆಪ್ಟೆಂಬರಲ್ಲಿ ಇದ್ದೊಂದು ಪಾಲಿಕೆನ ಐದು ಮಾಡಿದ್ರಲ್ಲ, ಮೋರಿಗೆ ಮಾತ್ರ ಈ ವಿಷ್ಯ ಯಾರೂ ಹೇಳಿಲ್ಲ ಪಾಪ, ಅದು ಮೊದ್ಲಿನ ಹಾಗೇ ಒಂದೇ ಆಗಿ ಹರೀತಿದೆ.

ಮುಂದೆ ಹೋದ್ರೆ ಕೋರಮಂಗಲ, ಈಜಿಪುರ. ಕೊರಿಯಾದವ್ರು ತೊರೆಗೋಸ್ಕರ ಹೈವೇ ಕೆಡವಿದ್ರು ಅಂತ ಹೇಳಿದ್ನಲ್ಲ, ನಾವು ಇಲ್ಲಿ 2017ರಲ್ಲಿ ಒಂದು ಫ್ಲೈಓವರ್ ಶುರು ಮಾಡಿ ಕಂಬಗಳ್ನ ವರ್ಷಾನುಗಟ್ಲೆ ಬಿಸಿಲಿಗೆ ಒಣಗೋಕೆ ಬಿಟ್ಟಿದ್ವಿ. ಜೋರು ಮಳೆ ಬಂದ ರಾತ್ರಿ ಈ ಕಡೆಯ ತಗ್ಗಿನ ಮನೆಯವ್ರು ವಾಕಿಂಗ್ ಹೋಗೋ ಅಗತ್ಯಾನೇ ಇಲ್ಲ, ರಿವರ್‌ಫ್ರಂಟೇ ಚಪ್ಪಲಿ ತೇಲಿಸ್ಕೊಂಡು ಹಾಲಿಗೆ ಬರತ್ತೆ.

ಆಮೇಲೆ ಬೆಳ್ಳಂದೂರು. ಕೆರೆಗೆ ಬೆಂಕಿ ಬಿದ್ದು, ಆರಿಸೋಕೆ ಸೈನ್ಯದವ್ರು ಬಂದ್ರಲ್ಲ 2018ರ ಜನವರೀಲಿ, ಅದೇ ಕೆರೆ. ನೀರಿಗೆ ಬೆಂಕಿ ಬೀಳೋ ಊರಲ್ಲಿ ದಡಕ್ಕೆ ಬಣ್ಣದ ಲೈಟ್ ಬೇರೆ! ಇಲ್ಲಿ ಬರೋ ಕೊಳಚೇಲಿ ಒಂದು ಪಾಲು ಸಂಸ್ಕರಣೆ ಆಗಿ ಪೈಪಲ್ಲಿ ಕೋಲಾರದ ಕೆರೆಗಳಿಗೆ ಹೋಗತ್ತೆ. ಮಿಕ್ಕಿದ್ದು ವರ್ತೂರು ದಾಟಿ, ದಕ್ಷಿಣ ಪಿನಾಕಿನಿ ಸೇರಿ, ನೊರೆ ಸಮೇತ ಹೊಸೂರು ಹತ್ರ ಕೆಲವರಪಳ್ಳಿ ಡ್ಯಾಮಿಗೆ, ಅಂದ್ರೆ ತಮಿಳ್ನಾಡಿಗೆ. ಮಂಡ್ಯದಲ್ಲಿ ಹನಿ ಕಾವೇರಿ ಬಿಡಲ್ಲ ಅಂತ ಟೈರ್ ಸುಡ್ತಿರೋ ಹೊತ್ತಿಗೇ ಇಲ್ಲಿ ನಾವು ಪ್ರತಿ ಫ್ಲಶ್ಶಿಗೂ ಬಿಡ್ತಾನೇ ಇದೀವಿ, ಇದಕ್ಕೆ ಮಾತ್ರ ಯಾರೂ ಟೈರ್ ಸುಡಲ್ಲ.