ಒಂದು ಸಲ ರೀಬೂಟ್ ಮಾಡಿ ನೋಡೋಕೆ ಏನು ಕಷ್ಟ?

ಬೆಳಿಗ್ಗೆಯಿಂದ ಹೊಟ್ಟೆ ಉರೀತಿದೆ, ಬರೆದೇ ಬಿಡುತ್ತೇನೆ. ಮಲೆನಾಡಿನ ಒಂದು ಕಾಲೇಜಿನ ಲೈಬ್ರರಿಗೆ ಹೋಗಿದ್ದೆ. ಅಲ್ಲಿ ಪುಸ್ತಕ ಹುಡುಕುವ ಕ್ಯಾಟಲಾಗ್ ಮೂಲೆಯಲ್ಲಿರುವ ಒಂದು ಲಿನಕ್ಸ್ ಮಿಷನ್ (ವಿಂಡೋಸ್ ಬದಲಿಗೆ ಲಿನಕ್ಸ್ ಹಾಕಿದ ಕಂಪ್ಯೂಟರ್) ಮೇಲೆ ನಡೆಯುತ್ತದೆ. ಅದರ ನೆತ್ತಿಗೆ ಸೆಲ್ಲೋಟೇಪ್ ಹಚ್ಚಿದ ಚೀಟಿ. "ಕರೆಂಟ್ ಹೋಗಿ ಬಂದರೆ ಈ ನಂಬರಿಗೆ ಫೋನ್ ಮಾಡುವುದು." ಕೆಳಗೊಂದು ನಂಬರ್, ಅದನ್ನು ಹೊಡೆದುಹಾಕಿ ಇನ್ನೊಂದು, ಅದನ್ನೂ ಹೊಡೆದುಹಾಕಿ ಮತ್ತೊಂದು.

"ಎರಡು ವರ್ಷದಿಂದ ಹೀಗೇ ಸರ್" ಅಂದರು ಲೈಬ್ರರಿ ಮೇಡಂ. "ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುತ್ತೆ. ಯುಪಿಎಸ್ ಹತ್ತು ನಿಮಿಷ ಬರುತ್ತೆ. ಆಮೇಲೆ ಮಿಷನ್ ಏನೋ ತಾನೇ ಆನ್ ಆಗುತ್ತೆ, ಕ್ಯಾಟಲಾಗ್ ಬರಲ್ಲ. ಫೋನ್ ಎತ್ತದಿದ್ರೆ ಹುಡುಗರಿಗೆ ನಾಳೆ ಬನ್ನಿ ಅಂತೀನಿ."

ಕೂತು ನೋಡಿದೆ. ಕ್ಯಾಟಲಾಗಿನ ಪುಟಗಳನ್ನು ಬ್ರೌಸರಿಗೆ ಕೊಡುವ ಅಪಾಚೆ ಅನ್ನೋ ಸಾಫ್ಟ್‌ವೇರ್ ಸರಿಯಾಗೇ ಇದೆ, ಸೆಟ್ಟಿಂಗ್‌ನಲ್ಲಿ ಒಂದು ತಪ್ಪಿಲ್ಲ. ಮಿಷನ್ ಎದ್ದಾಗ ಅಪಾಚೆಯೂ (ಇಲ್ಲಿ ಅದರ ಹೆಸರು ಎಚ್‌ಟಿಟಿಪಿಡಿ) ಏಳುತ್ತಾ ಅಂತ ತಿಳಿಯೋಕೆ 'ಸಿಸ್ಟಮ್‌ಸಿಟಿಎಲ್ ಈಸ್-ಎನೇಬಲ್ಡ್ ಎಚ್‌ಟಿಟಿಪಿಡಿ' ಅನ್ನೋ ಕಮಾಂಡ್ ಕೊಟ್ಟು ಕೇಳಿದರೆ ಬಂದಿದ್ದು ಒಂದೇ ಪದ: ಡಿಸೇಬಲ್ಡ್. ಡೇಟಾಬೇಸ್‌ನದ್ದೂ ಅದೇ ಕಥೆ. ಹಾಕಿಕೊಟ್ಟವರು 'ಸ್ಟಾರ್ಟ್' ಕೊಟ್ಟು ಎದ್ದು ಹೋಗಿದ್ದಾರೆ. ಸ್ಟಾರ್ಟ್ ಅಂದರೆ ಈಗ ಏಳು ಅಂತ. 'ಎನೇಬಲ್' ಅಂದರೆ ಮಿಷನ್ ಎದ್ದಾಗಲೆಲ್ಲ ನೀನೂ ಏಳು ಅಂತ. ಅದು ಮಾಡುವುದಿಷ್ಟೇ, ಬೂಟ್ ಆಗುವಾಗ ಏನೇನು ಏಳಬೇಕು ಅಂತ ಹೇಳುವ ಮಲ್ಟಿ-ಯೂಸರ್ ಟಾರ್ಗೆಟ್‌ನ ಫೋಲ್ಡರಿನಲ್ಲಿ ಒಂದು ಸಿಮ್‌ಲಿಂಕ್ (ಇನ್ನೊಂದು ಫೈಲಿನ ಕಡೆ ಕೈ ತೋರಿಸುವ ಕೊಂಡಿ) ಇಡುತ್ತದೆ, ಬೂಟ್ ಆಗುವಾಗ ಎಲ್ಲವನ್ನೂ ಎಬ್ಬಿಸುವ ಸಿಸ್ಟಮ್‌ಡಿ ಅದನ್ನು ನೋಡಿ ಅಪಾಚೆಯನ್ನು ಎಬ್ಬಿಸುತ್ತದೆ. ಜೊತೆಗೆ 'ನೌ' ಸೇರಿಸಿದರೆ ಎರಡೂ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಡೆಬಿಯನ್, ಉಬುಂಟು ಅನ್ನೋ ಲಿನಕ್ಸ್‌ಗಳಲ್ಲಿ ಅಪಾಚೆ ಹಾಕಿದ ಕೂಡಲೇ ಇದು ತಾನಾಗೇ ಆಗುತ್ತದೆ. ಈ ಮಿಷನ್ನಿನಲ್ಲಿರುವಂಥ ರೆಡ್ ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ ನಾವೇ ಹೇಳಬೇಕು. ಉಬುಂಟು ರೂಢಿಯಾದವರು ಇಲ್ಲಿ ಎಡವುತ್ತಾರೆ, ಒಪ್ಪಿದೆ. ಆದರೆ ಮನೆಗೆ ಹೊರಡುವ ಮುಂಚೆ ಒಂದೇ ಒಂದು ಸಲ ರೀಬೂಟ್ ಮಾಡಿ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು ಅಲ್ವಾ?

ಗೆಳೆಯರೊಬ್ಬರಿಗೆ ಫೋನಿನಲ್ಲಿ ಹೇಳಿದರೆ, ಕರೆಂಟ್ ಹೋದಾಗ ಡೇಟಾ ಕೆಟ್ಟಿರಬಹುದು, ಮನುಷ್ಯರು ನೋಡಿಯೇ ಶುರು ಮಾಡುವುದು ಒಳ್ಳೆಯದು ಅಂದರು. ನೋಡುವವರು ಇದ್ದ ಕಡೆ ಸರಿ. ಇಲ್ಲಿ ಯಾರು ನೋಡಿದ್ದಾರೆ? ಫೋನ್ ಎತ್ತಿದವರೂ ದೂರದಿಂದ ಲಾಗಿನ್ ಆಗಿ ಸುಮ್ನೆ 'ಸ್ಟಾರ್ಟ್' ಒತ್ತಿ ಇಟ್ಟಿದ್ದಾರೆ, ಎರಡು ವರ್ಷ!

ನನಗೆ ಇಷ್ಟು ಸಿಟ್ಟು ಬರುವುದಕ್ಕೆ ಕಾರಣ ಇದೆ. 2016ರಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಒಂದು ಸಹಕಾರ ಸಂಘಕ್ಕೆ ಸರ್ವರ್ ಹಾಕಿಕೊಟ್ಟಿದ್ದೆ. ಅಲ್ಲಿನ ಗುಮಾಸ್ತರು ಹಾಳಾಗಿದೆ ಅಂದುಕೊಂಡು ಸಿಪಿಯುವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ನಮ್ಮ ಮನೆಗೆ ತಂದಿದ್ದರು. ಒಂದು ಪದದ ಕೆಲಸಕ್ಕೆ. ಅವರು ಬೆವರು ಒರೆಸಿಕೊಂಡು "ತುಂಬಾ ಖರ್ಚಾಗುತ್ತಾ ಸರ್?" ಅಂತ ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಅಲ್ಲಿಂದೀಚೆಗೆ ರೀಬೂಟ್ ಮಾಡಿ ನೋಡದೆ ಯಾವ ಮಿಷನ್ನನ್ನೂ ಒಪ್ಪಿಸಿಲ್ಲ.

ಇವತ್ತು ಎರಡಕ್ಕೂ ಎನೇಬಲ್ ಕೊಟ್ಟು, ಮಿಷನ್ ರೀಬೂಟ್ ಮಾಡಿದೆ. ಏನನ್ನೂ ಮುಟ್ಟದೆ ಇಬ್ಬರೂ ನಿಂತು ಕಾದೆವು. ಪಕ್ಕದ ಕಂಪ್ಯೂಟರಿನಲ್ಲಿ ಕ್ಯಾಟಲಾಗ್ ತಾನಾಗೇ ತೆರೆದುಕೊಂಡಿತು. ಮೇಡಂ ಒಂದು ಪುಸ್ತಕದ ಹೆಸರು ಹೊಡೆದು ನೋಡಿದರು, ಬಂತು. ಮತ್ತೊಂದು ಹೊಡೆದರು, ಬಂತು.

ಚೀಟಿ ಕಿತ್ತುಬಿಡಿ ಮೇಡಂ ಅಂದೆ. "ಇರಲಿ ಸರ್" ಅಂದರು, "ಈ ಮಳೆಗಾಲ ಒಂದು ಕಳೀಲಿ."