ಆಯಸ್ಕಾಂತ ಅಂಟಿದರೆ ಸ್ಟೀಲ್ ಬೇಸಿನ್ ನಕಲಿಯೇ?

ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರ ವಾಟ್ಸಾಪ್‌ಗೆ ಪದೇಪದೇ ಬರುವ ಮಾತು: ಆಯಸ್ಕಾಂತ ಅಂಟದ ಸ್ಟೀಲ್ ಬೇಸಿನ್ ಮಾತ್ರ ಅಸಲಿ. ಕಳಿಸುವವರ ಉದ್ದೇಶ ಒಳ್ಳೆಯದೇ, ಮಾತು ಮಾತ್ರ ತಪ್ಪು.

ಕ್ರೋಮಿಯಂ, ನಿಕ್ಕಲ್ ಇರುವ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗೆ ಸಾಮಾನ್ಯವಾಗಿ ಆಯಸ್ಕಾಂತ ಅಂಟದು, ನಿಜ. ಆದರೆ ತಗಡನ್ನು ಒತ್ತಿ ಬೋಗುಣಿ ಮಾಡುವಾಗ ಲೋಹದ ಒಳರಚನೆ ಬದಲಾಗಿ, ಬಾಗಿದ ಮೂಲೆಗಳಲ್ಲಿ ಅದಕ್ಕೂ ಆಯಸ್ಕಾಂತ ಸ್ವಲ್ಪ ಅಂಟುತ್ತದೆ. ನನಗೆ ಹೆಚ್ಚು ಚಿಂತೆ ಇನ್ನೊಂದರದು: ನಿಕ್ಕಲ್ ತಗ್ಗಿಸಿ ಮ್ಯಾಂಗನೀಸ್ ಹೆಚ್ಚಿಸಿದ ಅಗ್ಗದ 200 ಸರಣಿಯ ಸ್ಟೀಲಿಗೂ ಆಯಸ್ಕಾಂತ ಅಂಟುವುದಿಲ್ಲ, ತುಕ್ಕು ಮಾತ್ರ ಬೇಗ ಹಿಡಿಯುತ್ತದೆ.

ನೀವೇ ನೋಡಿ. ಫ್ರಿಜ್ ಮೇಲಿನ ಆಯಸ್ಕಾಂತವನ್ನು ಅಡುಗೆಮನೆಯ ಸ್ಟೇನ್‌ಲೆಸ್ ಸ್ಟೀಲ್ ಚಾಕುವಿಗೆ ಹಿಡಿದರೆ ಸಾಮಾನ್ಯವಾಗಿ ಅಂಟುತ್ತದೆ; ಹಾಗೆಂದು ಚಾಕು ನಕಲಿಯಲ್ಲ. ಅಂಗಡಿಯಲ್ಲಿ ದರ್ಜೆಯನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. 200 ಸರಣಿಯನ್ನು ಗುರುತಿಸಲು, ಮ್ಯಾಂಗನೀಸ್ ಪತ್ತೆಹಚ್ಚುವ ಪರೀಕ್ಷಾ ದ್ರಾವಣವೂ ಸಿಗುತ್ತದೆ.